ಪುರಂದರದಾಸರ ಹೊಸ ಬಾಳು

ಹಂಪೆಯ ವಿಠ್ಠಲ ದೇವಾಲಯದ ಸಮೀಪದಲ್ಲಿ, ಕಂಪ್ಲಿಯ ಕಡೆಗೆ ಹರಿಯುವ ತುಂಗಭದ್ರೆಯ ದಡದಲ್ಲಿ ಕಲ್ಲಿನ ಮಂಟಪವೊಂದಿದೆ. ಅದಕ್ಕೆ ಪುರಂದರ ಮಂಟಪವೆಂದು ಹೆಸರು. ಕರ್ನಾಟಕ ಸಂಗೀತದ ಪಿತಾಮಹರೆಂದು ಪ್ರಖ್ಯಾತರಾದ ಪುರಂದರದಾಸರು ಇಲ್ಲಿ ನೆಲೆಸಿ ಕೀರ್ತನೆಗಳನ್ನು ರಚಿಸಿದರೆಂದು ಜನ ನಂಬಿಕೊಂಡು ಬಂದಿದ್ದಾರೆ.

ದಾಸರ ಮೊದಲ ಹೆಸರು ಶ್ರೀನಿವಾಸ ನಾಯಕ. ತಂದೆ ವರದಪ್ಪ ನಾಯಕ. ಸಂಪ್ರದಾಯದಂತೆ ಅವರ ಕಾಲ 1484ರಿಂದ 1564. ಅವರ ಹುಟ್ಟೂರು ಪುಣೆಯ ಬಳಿಯ ಪುರಂದರಗಡವೆಂದು ಬಹುಕಾಲ ನಂಬಲಾಗಿತ್ತು. ಅವರು ಮಲೆನಾಡಿನ ಆರಗ ಸೀಮೆಯವರೆಂದು ಕೆಲವು ವಿದ್ವಾಂಸರು ಪ್ರತಿಪಾದಿಸಿದ್ದಾರೆ. ಚಿನ್ನಬೆಳ್ಳಿಯ ವ್ಯಾಪಾರದಿಂದ ಅಪಾರ ಐಶ್ವರ್ಯವನ್ನು ಗಳಿಸಿದ ನಾಯಕರು ನವಕೋಟಿ ನಾರಾಯಣರೆನಿಸಿಕೊಂಡಿದ್ದರು. ಆದರೆ ಬೇಡಿ ಬಂದವರಿಗೆ ಒಂದು ಕಾಸನ್ನೂ ಕೊಡದಷ್ಟು ಜಿಪುಣರಾಗಿದ್ದರು. ಪತ್ನಿ ಸರಸ್ವತೀಬಾಯಿ ಬಡ ಬ್ರಾಹ್ಮಣನೊಬ್ಬನಿಗೆ ತನ್ನ ಮೂಗುತಿಯನ್ನು ದಾನವಾಗಿ ಕೊಟ್ಟ ಪ್ರಸಂಗವು ಅವರ ಕಣ್ಣು ತೆರೆಸಿತು. ಅವರು ಸರ್ವಸ್ವವನ್ನೂ ದಾನ ಮಾಡಿ, ಹೆಂಡತಿ ಮಕ್ಕಳೊಡನೆ ಮನೆಯಿಂದ ಹೊರಟುಬಿಟ್ಟರು.

ದಾರಿಯಲ್ಲಿ ಕಾಡು ಎದುರಾಯಿತು. ಕತ್ತಲಾದಂತೆ ಸರಸ್ವತೀಬಾಯಿಗೆ ಕಳ್ಳರ ಭಯ ಹತ್ತಿತು. ಆಕೆ ಸಣ್ಣದೊಂದು ಚಿನ್ನದ ವಸ್ತುವನ್ನು ಜೊತೆಯಲ್ಲಿ ತಂದಿದ್ದಳು. ಕಾರಣವನ್ನರಿತ ನಾಯಕರು ಅದನ್ನು ತೆಗೆದು ಎಸೆದರು. ಅದರೊಡನೆ ಭಯವೂ ದೂರವಾಯಿತೆಂದು ಕಥೆ ಹೇಳುತ್ತದೆ.

ಅವರು ಬಂದು ಸೇರಿದ್ದು ವಿಜಯನಗರವನ್ನು. 1509ರಿಂದ 1529ರವರೆಗೆ ಅಲ್ಲಿ ಶ್ರೀಕೃಷ್ಣದೇವರಾಯನು ಆಳಿದನು. ಇಂದಿನ ಹೊಸಪೇಟೆಯಾದ ನಾಗಲಾಪುರವನ್ನು ಕಟ್ಟಿಸಿದವನು ಅವನೇ. ಅಂಥ ವೈಭವದ ರಾಜಧಾನಿಯಲ್ಲಿ ಶ್ರೀನಿವಾಸ ನಾಯಕರು ಸಂಪತ್ತನ್ನು ಅರಸಲಿಲ್ಲ. ಗುರುಗಳಾದ ವ್ಯಾಸರಾಯರನ್ನು ಅರಸಿದರು. ಅವರಿಂದ ದಾಸದೀಕ್ಷೆಯನ್ನೂ ಪುರಂದರ ವಿಠಲ ಎಂಬ ಅಂಕಿತವನ್ನೂ ಪಡೆದು ಪುರಂದರದಾಸರಾದರು.

ಅಂದಿನಿಂದ ಅವರ ಬಾಳಿನ ರೀತಿಯೇ ಬದಲಾಯಿತು. ಬೆಳಗಾಗುತ್ತಲೇ ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿಯನ್ನು ಹಿಡಿದು, ಹಾಡುತ್ತಾ ಬೀದಿಬೀದಿಗಳಲ್ಲಿ ಸಂಚರಿಸುತ್ತಿದ್ದರು. ಭಿಕ್ಷೆಯಾಗಿ ದೊರೆತ ಧಾನ್ಯವೇ ಸಂಸಾರಕ್ಕೆ ಆಧಾರ. ನಾಳೆಗೆಂದು ಕೂಡಿಡುವ ಚಿಂತೆಯಿಲ್ಲ. ಈ ತೃಪ್ತಿಯನ್ನು ಪರೀಕ್ಷಿಸಲೆಂದು ಕೃಷ್ಣದೇವರಾಯನು ಭಿಕ್ಷೆಯ ಅಕ್ಕಿಯಲ್ಲಿ ರತ್ನಗಳನ್ನು ಬೆರೆಸಿ ಹಾಕಿಸಿದನೆಂಬ ಐತಿಹ್ಯವಿದೆ. ಸರಸ್ವತೀಬಾಯಿ ಅಕ್ಕಿಯನ್ನು ಆರಿಸುತ್ತಾ, ಹೊಳೆಯುವ ಆ ಹರಳುಗಳನ್ನು ಕಲ್ಲುಗಳೊಡನೆ ಹೊರಕ್ಕೆ ಎಸೆದಳಂತೆ. ಕಾಡಿನಲ್ಲಿ ತುಣುಕು ಚಿನ್ನಕ್ಕಾಗಿ ಅಂಜಿದ್ದ ಆಕೆಗೆ ಈಗ ಒಲೆಯ ಮೇಲೆ ಬೇಯುವ ಅನ್ನವೇ ಸಾಕಾಗಿತ್ತು.

ಪರರ ಮನೆಬಾಗಿಲುಗಳಲ್ಲಿ ನಿಂತ ದಾಸರು ಆ ಮನೆಗಳ ಬಾಳನ್ನು ಹತ್ತಿರದಿಂದ ಕಂಡರು. ಹೆಂಗಳೆಯರ ಕಾಲ್ಗೆಜ್ಜೆಯ ದನಿ, ಮಜ್ಜಿಗೆ ಕಡೆಯುವ ಸದ್ದು, ತೊಟ್ಟಿಲು ತೂಗುವ ತಾಯಿಯ ಜೋಗುಳ, ಇವೆಲ್ಲವೂ ಅವರ ಕೀರ್ತನೆಗಳಲ್ಲಿ ಸ್ಥಾನ ಪಡೆದವು. ಮನೆಗೆ ಬರುವ ಲಕ್ಷ್ಮಿಯನ್ನು ಅವರು ಮಜ್ಜಿಗೆಯಲ್ಲಿ ಮೂಡುವ ಬೆಣ್ಣೆಗೆ ಹೋಲಿಸಿದರು. ಬಡವರ ರಾಗಿಯೂ ಮಕ್ಕಳ ಕಲ್ಲುಸಕ್ಕರೆಯೂ ಅವರ ಹಾಡುಗಳಲ್ಲಿ ಭಕ್ತಿಯ ಪಾಠ ಹೇಳಿದವು. ಆದುದರಿಂದಲೇ ಅಕ್ಷರವನ್ನು ಅರಿಯದವರೂ ಅವುಗಳನ್ನು ತಮ್ಮವೆಂದು ಹಾಡಿಕೊಂಡರು.

ಸಂಗೀತವನ್ನು ಕಲಿಯುವ ಎಳೆಯರ ಕಷ್ಟವನ್ನೂ ದಾಸರು ಮನಗಂಡರು. ಮಾಯಾಮಾಳವಗೌಳ ರಾಗದಲ್ಲಿ ಪಾಠವನ್ನು ಆರಂಭಿಸುವ ಕ್ರಮ, ಸರಳೆ ಹಾಗೂ ಜಂಟಿ ವರಸೆಗಳು, ಅಲಂಕಾರಗಳು, ಪಿಳ್ಳಾರಿ ಗೀತೆಗಳು ಅವರ ಕೊಡುಗೆಯೆಂದು ಪ್ರಸಿದ್ಧವಾಗಿವೆ. ಇಂದಿಗೂ ದಕ್ಷಿಣ ಭಾರತದ ಮಕ್ಕಳು ಈ ಮೆಟ್ಟಿಲುಗಳನ್ನೇರಿಯೇ ಸಂಗೀತವನ್ನು ಪ್ರವೇಶಿಸುತ್ತಾರೆ.

ದಾಸರು ತೀರಿಕೊಂಡ ಮರುವರ್ಷವೇ, 1565ರ ರಕ್ಕಸತಂಗಡಿ ಯುದ್ಧದ ತರುವಾಯ, ರಾಜಧಾನಿಯು ಹಾಳಾಯಿತು. ಅರಮನೆಗಳ ಅಡಿಪಾಯಗಳು ಮಾತ್ರ ಉಳಿದವು. ಬಾಗಿಲೂ ಇಲ್ಲದ ಮಂಟಪ ನದಿಯ ದಡದಲ್ಲಿ ಇನ್ನೂ ನಿಂತಿದೆ. ಮಳೆಗಾಲದಲ್ಲಿ ಹೊಸಪೇಟೆಯ ಬಳಿಯ ಅಣೆಕಟ್ಟಿನಿಂದ ಹೆಚ್ಚು ನೀರನ್ನು ಬಿಟ್ಟಾಗ ಪ್ರವಾಹವು ಅದನ್ನು ಮುಳುಗಿಸುತ್ತದೆ. ನೀರು ಇಳಿದಾಗ ಅದರ ಕಂಬಗಳು ಮತ್ತೆ ತಲೆಯೆತ್ತುತ್ತವೆ. ಪ್ರತಿವರ್ಷ ಪುಷ್ಯ ಬಹುಳ ಅಮಾವಾಸ್ಯೆಯಂದು ನಾಡಿನೆಲ್ಲೆಡೆ ದಾಸರ ಆರಾಧನೆ ನಡೆಯುತ್ತದೆ. ಇರುವ ಮನೆ ಕಿರಿದಾದರೂ ಮನಸ್ಸು ಹಿರಿದಾಗಿದ್ದರೆ ಬಾಳು ಸಮೃದ್ಧವಾಗುವುದೆಂಬುದಕ್ಕೆ ಪುರಂದರದಾಸರ ಜೀವನವೇ ನಿದರ್ಶನವಾಗಿದೆ.