ಗಿರಿವೀರ ತೇನ್‌ಸಿಂಗ್

1953ರ ಮೇ 29ರಂದು ಎಡ್ಮಂಡ್ ಹಿಲರಿಯವರೊಡನೆ ಎವರೆಸ್ಟ್ ಶಿಖರವನ್ನು ಮೊದಲು ಮೆಟ್ಟಿದ ತೇನ್‌ಸಿಂಗ್ ನೋರ್ಗೆಯವರ ಹೆಸರನ್ನು ಕೇಳದವರಿಲ್ಲ. ಆ ಒಂದು ದಿನದ ಹಿಂದೆ ಹದಿನೆಂಟು ವರ್ಷಗಳ ಸಾಧನೆಯಿದ್ದಿತೆಂಬುದನ್ನು ಬಲ್ಲವರು ವಿರಳ.

1914ರಲ್ಲಿ ಬಡ ಶೆರ್ಪಾ ಕುಟುಂಬದಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲಿ ಓದುಬರಹದ ಭಾಗ್ಯ ದೊರೆಯಲಿಲ್ಲ. ಡಾರ್ಜಿಲಿಂಗಿಗೆ ಬಂದು, 1935ರಲ್ಲಿ ಎರಿಕ್ ಶಿಪ್ಟನ್ನರ ಎವರೆಸ್ಟ್ ತಂಡದಲ್ಲಿ ಹೊರೆಯಾಳಾಗಿ ಸೇರಿದರು. ಬೆಟ್ಟದ ಹಾದಿಯ ನಡಿಗೆ ಅವರಿಗೆ ಹುಟ್ಟಿನಿಂದಲೇ ಬಂದಿತ್ತು. ಆದರೆ ನಡೆಯಬಲ್ಲವರೆಲ್ಲರೂ ಹಿಮಶಿಖರವನ್ನೇರಲಾರರು. ಹಿಮಗೊಡಲಿಯಿಂದ ಮೆಟ್ಟಿಲು ಕಡಿಯುವುದನ್ನೂ, ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಸಂಗಡಿಗನ ಪ್ರಾಣವನ್ನು ಕಾಯುವುದನ್ನೂ ಅವರು ಯಾತ್ರೆಯಿಂದ ಯಾತ್ರೆಗೆ ಕಲಿತರು.

1952ರ ವಸಂತದಲ್ಲಿ ಸ್ವಿಸ್ ಆರೋಹಿ ಲ್ಯಾಂಬರ್ಟರೊಡನೆ ಶಿಖರಕ್ಕೆ ಸುಮಾರು 250 ಮೀಟರ್ ಕೆಳಗಿನವರೆಗೂ ಏರಿ ಹಿಂದಿರುಗಬೇಕಾಯಿತು. ಅದೇ ವರ್ಷದ ಎರಡನೆಯ ಯತ್ನವೂ ವಿಫಲವಾಗಿ, ಜ್ವರದಿಂದ ದೇಹ ಕೃಶವಾಯಿತು. ಆದರೂ ಅವರು ಎದೆಗುಂದಲಿಲ್ಲ. ಚೇತರಿಸಿಕೊಂಡ ಮೇಲೆ ನಸುಕಿನಲ್ಲೆದ್ದು, ಬೆನ್ನಿನ ಚೀಲದಲ್ಲಿ ಕಲ್ಲು ತುಂಬಿಕೊಂಡು ಡಾರ್ಜಿಲಿಂಗಿನ ಗುಡ್ಡಗಳನ್ನು ಹತ್ತಿ ಇಳಿದರು. ಮದ್ಯ ಧೂಮಪಾನಗಳನ್ನು ವರ್ಜಿಸಿದರು. ಎವರೆಸ್ಟಿಗೆ ಕೈಗೊಂಡ ಏಳನೆಯ ಯಾತ್ರೆ ಫಲಿಸಿತು.

1954ರಲ್ಲಿ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪಿತವಾದಾಗ, ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರಾಗಿ ತಮ್ಮ ವಿದ್ಯೆಯನ್ನು ಕಿರಿಯರಿಗೆ ಧಾರೆಯೆರೆದರು. 1986ರಲ್ಲಿ ಕಾಲವಶರಾದರು. ಎತ್ತರವನ್ನು ಬಯಸುವ ಎಳೆಯರು ಶಿಖರಕ್ಕಿಂತ ಮೊದಲು ಆ ಕಲ್ಲಿನ ಚೀಲವನ್ನು ನೆನೆಯಬೇಕು.