ರೋಗಿಯ ಮಾತಿಗೆ ಕಿವಿಗೊಟ್ಟ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್

ದೇರಳಕಟ್ಟೆ ಕಡೆಯ ಕಾಲೇಜುಗಳಲ್ಲಿ ನರ್ಸಿಂಗ್ ಓದುವ ಹೆಣ್ಣುಮಕ್ಕಳು ಈಗ ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಅವರಿಗೆ ಮಾನಸಿಕ ರೋಗಿಗಳ ವಾರ್ಡಿಗೆ ಪೋಸ್ಟಿಂಗ್ ಬಿದ್ದ ವಾರಗಳಲ್ಲಿ ಸ್ವಲ್ಪ ಗಮನಿಸಿ ನೋಡಿ. ರಾತ್ರಿ ಊಟ ಮುಗಿದ ಮೇಲೆ ಕಾಗದಕ್ಕೆ ಗೆರೆ ಎಳೆದು, ಕಾಲಂ ಮಾಡಿ, ಏನೋ ನೆನಪು ಮಾಡಿಕೊಂಡು ಬರೆಯುತ್ತಾ ಕೂತಿರುತ್ತಾರೆ. ಒಂದು ಕಾಲಂನಲ್ಲಿ ರೋಗಿ ಹೇಳಿದ್ದು, ಇನ್ನೊಂದರಲ್ಲಿ ತಾನು ಹೇಳಿದ್ದು, ಮತ್ತೊಂದರಲ್ಲಿ ಅದರಿಂದ ತನಗೆ ತಿಳಿದದ್ದು. ಪ್ರೊಸೆಸ್ ರೆಕಾರ್ಡಿಂಗ್ ಅಂತ ಅದರ ಹೆಸರು. ಇದೆಂತ ಬರೆಯುವುದು ಅಂತ ಉಮ್ಮ ಕೇಳಿದರೆ ಮೇಡಂ ಕೊಟ್ಟ ಅಸೈನ್‌ಮೆಂಟ್ ಅಂದು ಮುಗಿಸುತ್ತಾರೆ. ತಲೆ ಸರಿ ಇಲ್ಲದವರು ಆಡಿದ ಮಾತನ್ನು ಬರೆದಿಟ್ಟು ಯಾರಿಗೆ ಏನಾಗಬೇಕು ಅಂತ ಮನೆಯವರಿಗೆ ಅನಿಸುವುದೂ ಉಂಟು.

ಅದರಿಂದ ತುಂಬಾ ಆಗುವುದುಂಟು ಅಂತ ತೋರಿಸಿಕೊಟ್ಟವರು ಒಬ್ಬ ಅಮೆರಿಕನ್ ನರ್ಸ್. ಮಾನಸಿಕ ಶುಶ್ರೂಷೆಯ ತಾಯಿ ಅಂತ ಅವರನ್ನು ಕರೆಯುತ್ತಾರೆ. ಫ್ಲಾರೆನ್ಸ್ ನೈಟಿಂಗೇಲ್ ಹೆಸರು ನಮಗೆಲ್ಲ ಗೊತ್ತು. ನರ್ಸಿಂಗ್ ಕಲಿತವರ ಹತ್ತಿರ ಕೇಳಿ, ನೈಟಿಂಗೇಲ್ ನಂತರ ಬೇಗ ನೆನಪಾಗುವ ಹೆಸರುಗಳಲ್ಲಿ ಹಿಲ್ಡೆಗಾರ್ಡ್ ಪೆಪ್ಲಾವ್ ಒಂದು.

1909ರ ಸೆಪ್ಟೆಂಬರ್ 1ರಂದು ಪೆನ್ಸಿಲ್ವೇನಿಯಾ ರಾಜ್ಯದ ರೆಡಿಂಗ್ ಎಂಬ ಊರಿನಲ್ಲಿ ಪೆಪ್ಲಾವ್ ಹುಟ್ಟಿದರು. ಯುರೋಪಿನಿಂದ ವಲಸೆ ಬಂದ ಕುಟುಂಬ, ಆರು ಮಕ್ಕಳಲ್ಲಿ ಇವರು ಎರಡನೆಯವರು. ತಂದೆಗೆ ಓದು ಬರಹ ಗೊತ್ತಿರಲಿಲ್ಲ, ದುಡಿದು ಮನೆ ನಡೆಸುತ್ತಿದ್ದರು. ಹೆಣ್ಣುಮಕ್ಕಳ ಕಾಲೇಜು ಓದಿನ ವಿಷಯ ಆ ಮನೆಯಲ್ಲಿ ಮಾತಿಗೇ ಬರುತ್ತಿರಲಿಲ್ಲ. ಹುಡುಗಿಗೆ ಒಂಬತ್ತು ವರ್ಷ ಆಗುವಾಗ, 1918ರಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿ ಬಂತು. ಜ್ವರ ತಲೆಗೇರಿ ಬುದ್ಧಿ ಕೆಟ್ಟವರು ಕಿಟಕಿಯಿಂದ ಹಾರುವುದನ್ನು ಆ ವಯಸ್ಸಿನಲ್ಲೇ ನೋಡಿದ್ದರು. ಕಾಯಿಲೆಯೂ ಸಾವೂ ಒಂದು ಮನೆಯನ್ನು ಹೇಗೆ ಅಲ್ಲಾಡಿಸುತ್ತದೆ ಅಂತ ಅಲ್ಲಿ ಕಂಡದ್ದು ಅವರ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ.

ಆ ಕಾಲದ ಹೆಣ್ಣಿಗೆ ಮನೆಯಿಂದ ಹೊರಗೆ ಬರಲು ಇದ್ದ ಕೆಲವೇ ದಾರಿಗಳಲ್ಲಿ ನರ್ಸಿಂಗ್ ಒಂದು. 1931ರಲ್ಲಿ ಪಾಟ್ಸ್‌ಟೌನ್ ಆಸ್ಪತ್ರೆಯ ಶಾಲೆಯಲ್ಲಿ ತರಬೇತಿ ಮುಗಿಸಿದರು. ಶಾಲೆ ಅಂತ ಹೆಸರು ಮಾತ್ರ. ಅಂಥ ಕಡೆ ಓದಿಗಿಂತ ವಾರ್ಡಿನ ಚಾಕರಿಯೇ ಜಾಸ್ತಿ. ಕಡಿಮೆ ಖರ್ಚಿನಲ್ಲಿ ಕೈಗಳು ಸಿಗುತ್ತವೆ ಅಂತ ಆಸ್ಪತ್ರೆಗಳು ಹುಡುಗಿಯರನ್ನು ಸೇರಿಸಿಕೊಳ್ಳುತ್ತಿದ್ದವು. ನರ್ಸ್ ಹೇಳಿದ್ದನ್ನು ಮಾಡಬೇಕು, ಪ್ರಶ್ನೆ ಕೇಳಬಾರದು, ಪುಸ್ತಕ ಹಿಡಿದರೆ ಸಮಯ ಹಾಳು ಎಂಬ ಕಾಲ ಅದು. ಕೆಲವು ವರ್ಷ ಪೆನ್ಸಿಲ್ವೇನಿಯಾದಲ್ಲೂ ನ್ಯೂಯಾರ್ಕಿನಲ್ಲೂ ಕೆಲಸ ಮಾಡಿದ ಮೇಲೆ ಬೇಸಿಗೆ ಶಿಬಿರವೊಂದರ ನರ್ಸ್ ಆಗಿ ಹೋದರು. ಅಲ್ಲಿಂದ ವರ್ಮಾಂಟ್ ರಾಜ್ಯದ ಬೆನ್ನಿಂಗ್ಟನ್ ಕಾಲೇಜಿಗೆ ನರ್ಸ್ ಆಗಿ ಬರುವ ಅವಕಾಶ ಸಿಕ್ಕಿತು. ಕೆಲಸಕ್ಕೆ ಅಂತ ಹೋದವರು ಅಲ್ಲೇ ವಿದ್ಯಾರ್ಥಿನಿಯೂ ಆದರು. 1943ರಲ್ಲಿ ಮನಃಶಾಸ್ತ್ರದಲ್ಲಿ ಪದವಿ ಕೈಗೆ ಬಂತು.

ಆ ಓದಿನ ಭಾಗವಾಗಿ ಚೆಸ್ಟ್‌ನಟ್ ಲಾಡ್ಜ್ ಎಂಬ ಮನೋರೋಗಿಗಳ ಆಸ್ಪತ್ರೆಗೆ ಹೋದರು. ಹ್ಯಾರಿ ಸ್ಟ್ಯಾಕ್ ಸಲಿವನ್, ಫ್ರೀಡಾ ಫ್ರಾಮ್ ರೈಕ್‌ಮನ್, ಎರಿಕ್ ಫ್ರಾಮ್, ಹೀಗೆ ಆ ಕಾಲದ ದೊಡ್ಡ ತಲೆಗಳ ಹತ್ತಿರ ಕಲಿಯುವ ಅವಕಾಶ ಅವರಿಗೆ ಸಿಕ್ಕಿತ್ತು. ಮನಸ್ಸಿನ ಕಾಯಿಲೆ ಮನುಷ್ಯರ ನಡುವಿನ ಸಂಬಂಧದಲ್ಲಿ ಬೆಳೆಯುತ್ತದೆ, ಅಲ್ಲೇ ಕಾಣಿಸುತ್ತದೆ ಎಂಬುದು ಸಲಿವನ್ ಅವರ ವಾದ. ಪೆಪ್ಲಾವ್ ತಲೆಯಲ್ಲಿ ಇದು ಇನ್ನೊಂದು ಕಡೆಗೆ ಓಡಿತು. ಡಾಕ್ಟರ್ ರೋಗಿಯ ಹತ್ತಿರ ನಿಲ್ಲುವುದು ಸ್ವಲ್ಪ ಹೊತ್ತು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಜೊತೆಗಿರುವವಳು ನರ್ಸ್. ಸಂಬಂಧದಲ್ಲಿ ಕೆಟ್ಟದ್ದು ಸಂಬಂಧದಲ್ಲೇ ಸರಿಯಾಗಬೇಕು ಅಂತಾದರೆ, ಆ ನರ್ಸ್ ಏನು ಮಾತಾಡುತ್ತಾಳೆ, ಹೇಗೆ ಮಾತಾಡುತ್ತಾಳೆ ಎಂಬುದು ಚಿಕಿತ್ಸೆಯ ಭಾಗವೇ ಅಲ್ವಾ?

ನಡುವೆ ಯುದ್ಧ. 1943ರಿಂದ 1945ರವರೆಗೆ ಸೇನೆಯ ನರ್ಸ್ ಆಗಿ ಇಂಗ್ಲೆಂಡಿನಲ್ಲಿದ್ದರು, ಯುದ್ಧದಲ್ಲಿ ಮನಸ್ಸು ಮುರಿದ ಸೈನಿಕರ ಆಸ್ಪತ್ರೆಯಲ್ಲಿ. ಹಿಂದೆ ಬಂದವರಿಗೆ ಮಗಳು ಹುಟ್ಟಿದಳು. ಆ ಮಗುವನ್ನು ಒಬ್ಬರೇ ಸಾಕಿದರು. ಸಾಕುತ್ತಲೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ 1947ರಲ್ಲಿ ಸ್ನಾತಕೋತ್ತರ ಪದವಿ ಪಡೆದರು, 1953ರಲ್ಲಿ ಡಾಕ್ಟರೇಟ್. ನಡುವೆ ಪಾಠವೂ ಮಾಡುತ್ತಿದ್ದರು. ಕೈಗೂಸು ಇಟ್ಟುಕೊಂಡು ಪರೀಕ್ಷೆ ಬರೆದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

1948ಕ್ಕೆ ಅವರ ಪುಸ್ತಕ ಬರೆದು ಮುಗಿದಿತ್ತು. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧದ ಬಗ್ಗೆ ಅಷ್ಟು ಆಳವಾಗಿ ಯಾರೂ ಬರೆದಿರಲಿಲ್ಲ. ಆದರೆ ಅಚ್ಚಾದದ್ದು 1952ರಲ್ಲಿ. ನಾಲ್ಕು ವರ್ಷ ತಡವಾದದ್ದು ಯಾಕೆ ಗೊತ್ತುಂಟಾ? ಮುಖಪುಟದಲ್ಲಿ ಡಾಕ್ಟರ್ ಒಬ್ಬರ ಹೆಸರು ಇರಲಿಲ್ಲ, ಅದಕ್ಕೆ. ನರ್ಸ್ ಒಬ್ಬಳು ತಾನೇ ಶಾಸ್ತ್ರದ ಪುಸ್ತಕ ಬರೆಯುವುದು ಆಗ ಯಾರೂ ಕೇಳದ ಸಂಗತಿ. ಹೆಸರು ಸೇರಿಸಿದ್ದರೆ ಬೇಗ ಮುಗಿಯುತ್ತಿತ್ತು. ಅವರು ಸೇರಿಸಲಿಲ್ಲ. ಅವರ ಬದುಕಿನಲ್ಲಿ ಮುಂದೆ ಬಂದ ಎಲ್ಲ ಪದವಿಗಳಿಗಿಂತ ಈ ನಾಲ್ಕು ವರ್ಷದ ಕಾಯುವಿಕೆಯೇ ನನಗೆ ದೊಡ್ಡದು ಅಂತ ಕಾಣುತ್ತದೆ. ಅದೇ 1952ರಲ್ಲಿ ನರ್ಸಿಂಗ್ ರಿಸರ್ಚ್ ಎಂಬ ಪತ್ರಿಕೆಯೂ ಅಮೆರಿಕದಲ್ಲಿ ಶುರುವಾಯಿತು. ಈಗಿನ ಮಕ್ಕಳು ಫೋನಿನಲ್ಲೇ ಸಾವಿರ ಸಂಶೋಧನೆ ಹುಡುಕುತ್ತಾರೆ. ಅಂದಿನ ನರ್ಸಿಗೆ ತನ್ನ ಕೆಲಸದ ಸಂಶೋಧನೆ ಬೇಕು ಅಂದರೆ ಹುಡುಕಲು ಹೇಳಿಕೊಳ್ಳುವಂಥ ಜಾಗವೇ ಇರಲಿಲ್ಲ.

ಇಲ್ಲದ ಸಂಶೋಧನೆಯನ್ನು ಎಲ್ಲಿಂದ ತರುವುದು? ಪೆಪ್ಲಾವ್ ಹೇಳಿಕೊಟ್ಟ ದಾರಿ ಸರಳ. ಅದು ವಾರ್ಡಿನಲ್ಲೇ ಉಂಟು, ಹೆಕ್ಕಿಕೊಳ್ಳಬೇಕು ಅಷ್ಟೇ. ರೋಗಿಯ ಹತ್ತಿರ ಕೂತು ಮಾತಾಡಬೇಕು. ಆಡಿದ್ದನ್ನು ಆಡಿದ ಹಾಗೆಯೇ ಬರೆಯಬೇಕು, ಚಂದ ಮಾಡಬಾರದು, ತನ್ನ ತಪ್ಪು ಮಾತನ್ನು ಅಳಿಸಲೂ ಬಾರದು. ಅಂಥ ಬರಹಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದೇ ತರದ ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅದರ ಬಗ್ಗೆ ಮನಃಶಾಸ್ತ್ರದವರೂ ಸಮಾಜಶಾಸ್ತ್ರದವರೂ ಏನು ಕಂಡುಕೊಂಡಿದ್ದಾರೆ ಅಂತ ಪುಸ್ತಕದಲ್ಲಿ ಹುಡುಕಬೇಕು. ಸಿಕ್ಕಿದ್ದನ್ನು ಪುನಃ ರೋಗಿಯ ಹತ್ತಿರ ತಂದು ಪ್ರಯೋಗಿಸಿ, ಉಪಕಾರ ಆಯಿತಾ ಇಲ್ಲವಾ ಅಂತ ನೋಡಿ, ಅದನ್ನೂ ಬರೆಯಬೇಕು. ಈಗ ದೊಡ್ಡ ದೊಡ್ಡ ಹೆಸರಿಟ್ಟು ಕಲಿಸುವ ವಿದ್ಯೆಯ ತಿರುಳು ಇಷ್ಟರಲ್ಲೇ ಉಂಟು.

ಆತಂಕದ ವಿಷಯವನ್ನೇ ತೆಗೆದುಕೊಳ್ಳಿ. ಅದರ ಬಗ್ಗೆ ಸಲಿವನ್ ಮೊದಲೇ ಬರೆದಿದ್ದರು. ಆದರೆ ರಾತ್ರಿ ಪಾಳಿಯಲ್ಲಿ ಒಬ್ಬಳೇ ನಿಂತ ನರ್ಸಿಗೆ ಆ ಬರಹ ಹೇಗೆ ಉಪಯೋಗಕ್ಕೆ ಬರಬೇಕು? ಪೆಪ್ಲಾವ್ ಅದನ್ನು ನಾಲ್ಕು ಮಟ್ಟ ಮಾಡಿದರು. ಸಣ್ಣ ಆತಂಕ ಒಳ್ಳೆಯದೇ, ಅದು ಮನುಷ್ಯನನ್ನು ಚುರುಕು ಮಾಡುತ್ತದೆ. ಮಧ್ಯಮ ಆದರೆ ಕಣ್ಣಿಗೂ ಕಿವಿಗೂ ಬೀಳುವುದು ಕಡಿಮೆಯಾಗುತ್ತದೆ, ಹತ್ತಿರ ಕೂತು ದಾರಿ ತೋರಿಸಿದರೆ ಕಲಿಯಲು ಆಗುತ್ತದೆ. ತೀವ್ರವಾದರೆ ಮನಸ್ಸು ಒಂದು ಚೂರನ್ನು ಮಾತ್ರ ಹಿಡಿದುಕೊಂಡು ಕೂರುತ್ತದೆ. ಅದನ್ನೂ ದಾಟಿ ಗಾಬರಿ ಕೈಮೀರಿದರೆ ಹೇಳಿದ್ದು ಒಳಗೆ ಹೋಗುವುದೇ ಇಲ್ಲ. ಆಗ ನರ್ಸ್ ಬುದ್ಧಿಮಾತು ಹೇಳಬಾರದು. ಬಿಟ್ಟುಹೋಗದೆ ಜೊತೆಗಿರಬೇಕು, ಎರಡು ಮೂರು ಶಬ್ದದ ಮಾತು ಸಾಕು. ಆತಂಕ ಒಬ್ಬರಿಂದ ಒಬ್ಬರಿಗೆ ದಾಟುವ ವಸ್ತು, ಹಾಗಾಗಿ ಮೊದಲು ತನ್ನ ಗಾಬರಿಯನ್ನು ಹಿಡಿತಕ್ಕೆ ತಂದುಕೊಳ್ಳಬೇಕು. ನಮ್ಮ ಮನೆಗಳಲ್ಲಿ ಆಗುವುದು ಇದರ ಉಲ್ಟಾ ಮಾರಾಯ್ರೆ. ಒಬ್ಬರಿಗೆ ಹಾಗಾದರೆ ಹತ್ತು ಜನ ಸುತ್ತ ನಿಂತು ಹತ್ತು ತರ ಉಪದೇಶ.

ಗಾಬರಿ ಇಳಿದ ಮೇಲಿನ ಕೆಲಸವನ್ನೂ ಅವರು ಕ್ರಮದಲ್ಲಿ ಜೋಡಿಸಿದರು. ತನಗೆ ಆಗುತ್ತಿರುವುದು ಆತಂಕ ಅಂತ ರೋಗಿಯೇ ಗುರುತಿಸಿ ಹೆಸರು ಹೇಳಬೇಕು. ಅದು ಬಂದಾಗ ತಾನು ಏನು ಮಾಡಿ ಸಮಾಧಾನ ಮಾಡಿಕೊಳ್ಳುತ್ತೇನೆ, ಅತ್ತಿಂದಿತ್ತ ನಡೆಯುವುದಾ, ಬೈಯುವುದಾ, ಮೂಲೆ ಹಿಡಿಯುವುದಾ ಅಂತ ನೋಡಬೇಕು. ಕೊನೆಗೆ, ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು, ಏನು ಬಯಸಿದ್ದೆ, ಏನು ಸಿಗಲಿಲ್ಲ ಅಂತ ನೆನಪಿಗೆ ತರಬೇಕು. ಉತ್ತರ ಹುಡುಕುವುದು ರೋಗಿ, ನರ್ಸ್ ಕೇಳುತ್ತಾ ಹೋಗುವವಳು.

ಮಾತಿನ ವಿಷಯದಲ್ಲಿ ಅವರ ಕಿವಿ ಬಹಳ ಸೂಕ್ಷ್ಮ. ಅವರೆಲ್ಲ ನನ್ನ ವಿರುದ್ಧ ಇದ್ದಾರೆ ಅಂತ ರೋಗಿ ಹೇಳಿದರೆ ಹೌದಾ ಅಂತ ತಲೆ ಆಡಿಸಬೇಡಿ, ಅವರು ಅಂದರೆ ಯಾರು ಅಂತ ಮೆಲ್ಲಗೆ ಕೇಳಿ ಅಂತ ಕಲಿಸಿದರು. ನಿಮಗೆ ಗೊತ್ತಲ್ಲ ಅಂತ ರೋಗಿ ಹೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಹೇಳಬೇಕು. ಹೇಳದೆಯೇ ಎಲ್ಲರಿಗೂ ತನ್ನ ಮನಸ್ಸು ತಿಳಿಯುತ್ತದೆ ಎಂದು ನಂಬಿ ನರಳುವವರು ಮಾನಸಿಕ ರೋಗಿಗಳಲ್ಲಿ ಇದ್ದಾರೆ. ನರ್ಸ್ ಸುಮ್ಮನೆ ಹೂಂಗುಟ್ಟಿದರೆ ಆ ನಂಬಿಕೆಗೆ ಇನ್ನೊಂದು ಬೇರು ಬಿಟ್ಟ ಹಾಗೆ. ಮರ್ಯಾದೆಗೆ ಅಂತ ನಾವು ಆಡುವ ಒಂದು ಹೂಂ ಕೂಡ ವಾರ್ಡಿನಲ್ಲಿ ಪೆಟ್ಟು ಕೊಡಬಹುದು ಅಂತ ತಿಳಿದದ್ದು ಆ ಕಾಲಂ ಹಾಕಿದ ಕಾಗದಗಳಿಂದ.

ಇದೆಲ್ಲ ನಡೆದ ಕಾಲ ಎಂಥದ್ದು ಅಂತಲೂ ತಿಳಿಯಬೇಕು. 1955ರ ಸುಮಾರಿಗೆ ಅಮೆರಿಕದ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಜನ ಇದ್ದರು. ಹೋದವರಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಅಲ್ಲೇ. ಮನೋರೋಗದ ಹೊಸ ಮಾತ್ರೆಗಳು ಆಗಷ್ಟೇ ಬರುತ್ತಿದ್ದವು. ಬೀಗ ಹಾಕಿದ ವಾರ್ಡಿನಲ್ಲಿ ನರ್ಸಿನ ಕೆಲಸ ಎಂದರೆ ಕಾವಲು, ಊಟ, ಸ್ನಾನ. ಪೆಪ್ಲಾವ್ 1954ರಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಬಂದು, ಮಾನಸಿಕ ಶುಶ್ರೂಷೆಯ ತಜ್ಞ ನರ್ಸುಗಳನ್ನು ತಯಾರು ಮಾಡುವ ಮೊದಲ ಸ್ನಾತಕೋತ್ತರ ಕೋರ್ಸ್ ಕಟ್ಟಿದರು. ಬೇಸಿಗೆ ರಜೆ ಬಂತು ಅಂದರೆ ಊರೂರಿನ ಸರಕಾರಿ ಮಾನಸಿಕ ಆಸ್ಪತ್ರೆಗಳಿಗೆ ಹೋಗಿ ಅಲ್ಲಿನ ನರ್ಸುಗಳಿಗೆ ಕಲಿಸಿದರು. ಕಾಲೇಜಿಗೆ ಬರಲಾಗದವರ ಹತ್ತಿರ ಕಾಲೇಜೇ ಹೋದ ಹಾಗೆ. ನರ್ಸ್ ರೋಗಿಯ ಜೊತೆ ಹೀಗೆಲ್ಲ ಮಾತಾಡುವುದು ಡಾಕ್ಟರರ ಕೆಲಸಕ್ಕೆ ಕೈ ಹಾಕಿದ ಹಾಗೆ ಅಂತ ಕೋಪಿಸಿಕೊಂಡವರೂ ಇದ್ದರು. ಇಪ್ಪತ್ತು ವರ್ಷ, 1974ರವರೆಗೆ, ಅವರು ರಟ್ಗರ್ಸಿನಲ್ಲೇ ಇದ್ದರು.

ಅವರದ್ದೆಲ್ಲ ಸರಿ ಅಂತ ಹೇಳುವುದಕ್ಕೂ ಆಗುವುದಿಲ್ಲ. ಮಾತೇ ಆಡಲಾಗದ, ಪ್ರಜ್ಞೆ ಇಲ್ಲದ ರೋಗಿಗೆ ಈ ಶಾಸ್ತ್ರ ಹೇಗೆ ಹೊಂದುತ್ತದೆ ಎಂಬ ಪ್ರಶ್ನೆಯನ್ನು ನರ್ಸಿಂಗಿನವರೇ ಎತ್ತಿದ್ದಾರೆ. ನಾಲ್ಕೈದು ದಿನದಲ್ಲಿ ಡಿಸ್ಚಾರ್ಜ್ ಆಗುವ ಇಂದಿನ ಆಸ್ಪತ್ರೆಯಲ್ಲಿ, ಅಪರಿಚಿತರಾಗಿ ಶುರುವಾಗಿ ಬೀಳ್ಕೊಡುವವರೆಗೆ ಅವರು ಗುರುತಿಸಿದ ನಾಲ್ಕು ಹಂತಗಳಿಗೆ ಪುರುಸೊತ್ತು ಎಲ್ಲಿ? ಮಾತು ಸಾಕು, ಮಾತ್ರೆ ಬೇಡ ಅಂತ ಇದನ್ನು ಓದಿ ಯಾರೂ ತಿಳಿಯಬಾರದು. ಡಾಕ್ಟರ್ ಕೊಟ್ಟ ಔಷಧಿ ನಿಲ್ಲಿಸುವ ಮಾತು ಇಲ್ಲಿಲ್ಲ.

ಮುಂದೆ ಹುದ್ದೆಗಳು ಬಂದವು. ಅಮೆರಿಕದ ನರ್ಸುಗಳ ಸಂಘ ಹಣದ ಕಷ್ಟದಲ್ಲಿದ್ದಾಗ ಅದರ ಆಡಳಿತ ವಹಿಸಿಕೊಂಡರು, 1970ರಿಂದ 1972ರವರೆಗೆ ಅಧ್ಯಕ್ಷರಾಗಿದ್ದರು. ವಿಶ್ವ ಆರೋಗ್ಯ ಸಂಸ್ಥೆಗೆ ಸಲಹೆ ಕೊಟ್ಟರು. ನಿವೃತ್ತಿಯ ನಂತರ ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಮಾಡಿದರು. 1997ರಲ್ಲಿ ಅಂತಾರಾಷ್ಟ್ರೀಯ ನರ್ಸುಗಳ ಮಂಡಳಿಯ ಅತಿ ದೊಡ್ಡ ಗೌರವ ಕ್ರಿಸ್ಟಿಯಾನ್ ರೈಮನ್ ಪ್ರಶಸ್ತಿ ಬಂತು.

ಒಂದು ಸಂಗತಿ ಹೇಳಲು ಬಾಕಿ ಉಂಟು. 1955ರಲ್ಲಿ ಪೆಪ್ಲಾವ್ ಒಂಟಿತನದ ಬಗ್ಗೆ ಒಂದು ಲೇಖನ ಬರೆದಿದ್ದರು. ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ ಎಂಬುದು ಅವರ ಮಾತಿನ ಸಾರ. ತುಂಬಿದ ವಾರ್ಡಿನ ನಡುವೆಯೂ ಅದು ಮನುಷ್ಯನನ್ನು ತಿನ್ನುತ್ತದೆ. ಜನ ತುಂಬಿದ ಮನೆಯಲ್ಲಿ ಮೂಲೆ ಹಿಡಿದು ಕೂತ ಮುದುಕರನ್ನೋ, ಗಂಡ ಗಲ್ಫಿನಲ್ಲಿರುವ ಸೊಸೆಯನ್ನೋ ನೋಡಿದವರಿಗೆ ಈ ವ್ಯತ್ಯಾಸ ಬೇಗ ಅರ್ಥವಾದೀತು. ಒಬ್ಬರೇ ಸಾಕಿದ ಆ ಮಗಳು ದೊಡ್ಡವಳಾಗಿ ಮನಃಶಾಸ್ತ್ರಜ್ಞೆಯಾದರು. ಒಂಟಿತನವನ್ನು ಪ್ರಶ್ನೆ ಕೇಳಿ ಅಳೆಯುವ ಒಂದು ಮಾಪಕ 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಯಾರಾಯಿತು, ತಯಾರಿಸಿದ ಮೂವರಲ್ಲಿ ಅವರೂ ಒಬ್ಬರು. ಒಂಟಿತನದ ಬಗ್ಗೆ ಸಂಶೋಧನೆ ಮಾಡುವವರು ಇಂದಿಗೂ ಕೈಗೆತ್ತಿಕೊಳ್ಳುವ ಮಾಪಕ ಅದು. ವಾರ್ಡಿನಲ್ಲಿ ಕೂತು ತಾಯಿ ಕಂಡದ್ದನ್ನು ಮಗಳು ಅಳತೆಗೆ ತಂದರು.

1999ರ ಮಾರ್ಚ್ 17ರಂದು, ಕ್ಯಾಲಿಫೋರ್ನಿಯಾದ ಶೆರ್ಮನ್ ಓಕ್ಸ್‌ನ ಮನೆಯಲ್ಲಿ, ನಿದ್ದೆಯಲ್ಲೇ ಪೆಪ್ಲಾವ್ ತೀರಿಹೋದರು. 89 ವರ್ಷ ಆಗಿತ್ತು. ಅವರ ಕಾಗದಪತ್ರಗಳು ಈಗ ಹಾರ್ವರ್ಡ್‌ನ ಶ್ಲೆಸಿಂಜರ್ ಗ್ರಂಥಾಲಯದಲ್ಲಿವೆ.