ಬರ್ತಾ ಬೆಂಜ್

ಮೋಟಾರುಗಾಡಿಯ ಚರಿತ್ರೆಯಲ್ಲಿ ಜರ್ಮನಿಯ ಕಾರ್ಲ್ ಬೆಂಜನ ಹೆಸರು ಚಿರಸ್ಥಾಯಿಯಾಗಿದೆ. ಕುದುರೆಯ ನೆರವಿಲ್ಲದೆ, ತನ್ನ ಯಂತ್ರದ ಬಲದಿಂದಲೇ ಓಡುವ ಗಾಡಿಗೆ 1886ರಲ್ಲಿ ಆತ ಸರ್ಕಾರದಿಂದ ಪೇಟೆಂಟು ಪಡೆದನು. ಆದರೆ ಯಂತ್ರವೊಂದು ಕಾರ್ಯಾಗಾರದ ಅಂಗಳದಲ್ಲಿ ಓಡಿದ ಮಾತ್ರಕ್ಕೆ ಅದು ಜನರ ಬಾಳಿಗೆ ಒದಗುವುದಿಲ್ಲ. ಅದನ್ನು ನಂಬಿ, ಅದರ ಮೇಲೆ ಕುಳಿತು, ದೂರದ ಊರಿಗೆ ಹೊರಡುವ ಧೈರ್ಯವನ್ನು ಯಾರಾದರೂ ತೋರಬೇಕು. ಆ ಧೈರ್ಯವನ್ನು ತೋರಿದವಳು ಕಾರ್ಲನ ಪತ್ನಿ ಬರ್ತಾ. ಎರಡು ಮಕ್ಕಳೊಡನೆ ಆಕೆ ಕೈಗೊಂಡ ಒಂದು ಪ್ರಯಾಣವು ಮೋಟಾರುಗಾಡಿಯ ಭವಿಷ್ಯವನ್ನೇ ಬದಲಿಸಿತು.

ಬರ್ತಾ 1849ರ ಮೇ 3ರಂದು ದಕ್ಷಿಣ ಜರ್ಮನಿಯ ಬಾಡೆನ್ ಸಂಸ್ಥಾನಕ್ಕೆ ಸೇರಿದ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ ಜನಿಸಿದಳು. ಆಕೆಯ ತಂದೆ ಕಾರ್ಲ್ ಫ್ರೀಡ್ರಿಖ್ ರಿಂಗರ್ ಬಡಗಿಯ ಕಸುಬಿನಿಂದ ಮೇಲೆ ಬಂದವನು. ಕಟ್ಟಡಗಳ ನಿರ್ಮಾಣದಲ್ಲಿ ದುಡಿದು ಸಾಕಷ್ಟು ಸಿರಿವಂತನಾಗಿದ್ದನು. ಮಕ್ಕಳ ಜನನವನ್ನು ಮನೆಯ ಬೈಬಲಿನಲ್ಲಿ ಗುರುತು ಹಾಕಿಡುವುದು ಆ ಕಾಲದ ಪದ್ಧತಿ. ಬರ್ತಾಳ ಹೆಸರಿನ ಬಳಿ, ಈ ಬಾರಿಯೂ ಹೆಣ್ಣಾಯಿತೆಂಬ ವಿಷಾದವನ್ನು ತಂದೆ ಬರೆದಿಟ್ಟಿದ್ದನಂತೆ. ಬಾಲ್ಯದಲ್ಲಿ ಅದನ್ನು ಓದಿದ ಹುಡುಗಿಯ ಮನಸ್ಸಿಗೆ ತುಂಬ ನೋವಾಯಿತೆಂದು ಹೇಳುತ್ತಾರೆ.

ಬರ್ತಾ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದಳು. ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ತಿಳಿಯುವ ಕುತೂಹಲ ಆಕೆಗೆ ಎಳೆಯ ವಯಸ್ಸಿನಿಂದಲೂ ಇತ್ತು. ಆದರೆ ಆ ಕುತೂಹಲವನ್ನು ಬೆಳೆಸಿಕೊಳ್ಳುವ ಹಾದಿ ಮಾತ್ರ ಮುಚ್ಚಿತ್ತು. ಸ್ತ್ರೀಯರ ಬುದ್ಧಿ ವಿಜ್ಞಾನಕ್ಕೆ ಹೊಂದುವುದಿಲ್ಲವೆಂದು ಅಂದಿನ ವಿದ್ವಾಂಸರು ಹಲವರು ನಂಬಿದ್ದರು. ಬಾಡೆನ್ ಸಂಸ್ಥಾನದ ವಿಶ್ವವಿದ್ಯಾನಿಲಯಗಳು ಸ್ತ್ರೀಯರಿಗೆ ವಿಧ್ಯುಕ್ತವಾಗಿ ಬಾಗಿಲು ತೆರೆದದ್ದು 1900ರಲ್ಲಿ. ಅಷ್ಟು ಹೊತ್ತಿಗೆ ಬರ್ತಾಳಿಗೆ ಐವತ್ತು ವರ್ಷ ದಾಟಿತ್ತು.

1869ರಲ್ಲಿ ಮೌಲ್‌ಬ್ರಾನ್ ಎಂಬ ಸ್ಥಳಕ್ಕೆ ಹೊರಟಿದ್ದ ಒಂದು ವಿಹಾರಕೂಟದಲ್ಲಿ ಆಕೆಗೆ ಕಾರ್ಲ್ ಬೆಂಜನ ಪರಿಚಯವಾಯಿತು. ಕಾರ್ಲ್ ರೈಲ್ವೆ ಎಂಜಿನು ನಡೆಸುವವನ ಮಗ. ಎರಡು ವರ್ಷದ ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡು, ತಾಯಿಯ ಪರಿಶ್ರಮದಿಂದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯದಲ್ಲಿ ಓದಿದವನು. ಅವನ ಬಳಿ ಹಣವಿರಲಿಲ್ಲ. ಕುದುರೆಯಿಲ್ಲದ ಗಾಡಿಯನ್ನು ನಿರ್ಮಿಸಬೇಕೆಂಬ ಕನಸೊಂದೇ ಇತ್ತು. ಅನೇಕರಿಗೆ ಹುಚ್ಚೆಂದು ತೋರಬಹುದಾಗಿದ್ದ ಆ ಕನಸನ್ನು ಬರ್ತಾ ಆಸಕ್ತಿಯಿಂದ ಕೇಳಿದಳು, ಅರ್ಥ ಮಾಡಿಕೊಂಡಳು.

1871ರಲ್ಲಿ ಕಾರ್ಲ್ ಮ್ಯಾನ್‌ಹೈಮ್ ನಗರದಲ್ಲಿ ಪಾಲುದಾರನೊಬ್ಬನೊಡನೆ ಒಂದು ಯಂತ್ರಶಾಲೆಯನ್ನು ತೆರೆದನು. ಆ ಪಾಲುದಾರನೊಡನೆ ಹೊಂದಿಕೆಯಾಗದೆ ಉದ್ಯಮವು ಮುಳುಗುವ ಸ್ಥಿತಿಗೆ ಬಂದಿತು. ಆಗ ಬರ್ತಾ, ತನ್ನ ವಿವಾಹಕ್ಕೆಂದು ಮನೆಯಲ್ಲಿ ತೆಗೆದಿರಿಸಿದ್ದ ಹಣವನ್ನು ಮುಂಗಡವಾಗಿ ಪಡೆದು ಭಾವೀ ಪತಿಗೆ ಕೊಟ್ಟಳು. ಆ ಹಣದಿಂದ ಪಾಲುದಾರನ ಭಾಗವನ್ನು ತೀರಿಸಿ ಯಂತ್ರಶಾಲೆಯನ್ನು ಉಳಿಸಿಕೊಳ್ಳಲಾಯಿತು. 1872ರ ಜುಲೈ 20ರಂದು ಅವರ ವಿವಾಹ ನಡೆಯಿತು. ಅಂದಿನ ಕಾನೂನಿನಂತೆ ವಿವಾಹಿತ ಸ್ತ್ರೀಯ ಆಸ್ತಿಯ ಮೇಲಿನ ಅಧಿಕಾರ ಪತಿಗೆ ಸೇರುತ್ತಿತ್ತು. ಹೀಗಾಗಿ ಉದ್ಯಮಕ್ಕೆ ಹಣ ಹೂಡಿದ್ದರೂ ಅದರಲ್ಲಿ ಬರ್ತಾಳ ಹೆಸರಿಗೆ ಸ್ಥಾನವಿರಲಿಲ್ಲ.

ಮುಂದಿನ ವರ್ಷಗಳು ಕಷ್ಟದಲ್ಲಿಯೇ ಕಳೆದವು. ಮಕ್ಕಳು ಹುಟ್ಟಿದರು, ಸಾಲ ಬೆಳೆಯಿತು. ಆದರೂ ಕಾರ್ಲ್ ತನ್ನ ಪ್ರಯೋಗಗಳನ್ನು ಬಿಡಲಿಲ್ಲ. ಬರ್ತಾ ಮನೆವಾರ್ತೆಯನ್ನು ಮಿತವ್ಯಯದಿಂದ ನಡೆಸುತ್ತ ಪತಿಯ ಕೆಲಸದಲ್ಲಿಯೂ ನೆರವಾದಳು. 1879ರ ಕೊನೆಯ ರಾತ್ರಿ, ಊರಿನ ಜನರೆಲ್ಲ ಹೊಸ ವರ್ಷವನ್ನು ಎದುರುಗೊಳ್ಳುತ್ತಿದ್ದ ವೇಳೆಯಲ್ಲಿ, ದಂಪತಿಗಳಿಬ್ಬರೂ ಯಂತ್ರಶಾಲೆಗೆ ಹೋಗಿ ಅದುವರೆಗೆ ಹಟ ಹಿಡಿದಿದ್ದ ಎಂಜಿನನ್ನು ಮತ್ತೊಮ್ಮೆ ಚಾಲೂ ಮಾಡಿ ನೋಡಿದರು. ಈ ಬಾರಿ ಅದು ನಿಲ್ಲದೆ ಓಡಿತು. ಬಹುದಿನದ ಪರಿಶ್ರಮಕ್ಕೆ ದೊರೆತ ಮೊದಲ ಫಲ ಅದು.

1883ರಲ್ಲಿ ಬೆಂಜ್ ಕಂಪನಿ ಸ್ಥಾಪನೆಯಾಯಿತು. ಮೂರು ಗಾಲಿಗಳ ಮೋಟಾರುಗಾಡಿಗಾಗಿ 1886ರ ಜನವರಿ 29ರಂದು ಕಾರ್ಲ್ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಅದೇ ವರ್ಷದ ಜುಲೈ 3ರಂದು ಆ ಗಾಡಿ ಮ್ಯಾನ್‌ಹೈಮ್‌ನ ಬೀದಿಯಲ್ಲಿ ಸಾರ್ವಜನಿಕರ ಎದುರು ಓಡಿತು. ಅದರ ಎಂಜಿನಿನ ಬಲ ಒಂದು ಕುದುರೆಶಕ್ತಿಗಿಂತಲೂ ಕಡಿಮೆ. ವೇಗ ಗಂಟೆಗೆ ಸುಮಾರು 16 ಕಿಲೋಮೀಟರು. ಜನರು ಬೆರಗಿನಿಂದ ನೋಡಿದರು; ಆದರೆ ಕೊಳ್ಳಲು ಮುಂದೆ ಬರಲಿಲ್ಲ. ಸದ್ದು ಮಾಡುತ್ತ, ಹೊಗೆ ಉಗುಳುತ್ತ ಬರುವ ಈ ಗಾಡಿ ನಡುದಾರಿಯಲ್ಲಿ ನಿಂತುಬಿಟ್ಟರೆ ಗತಿಯೇನೆಂಬ ಶಂಕೆ ಅವರದು. ಕಾರ್ಲನಾದರೋ ಸಣ್ಣ ದೋಷವನ್ನೂ ಸಹಿಸದ ಸ್ವಭಾವದವನು. ಗಾಡಿಯನ್ನು ಮತ್ತೆ ಮತ್ತೆ ತಿದ್ದುತ್ತಿದ್ದನೇ ಹೊರತು ಅದನ್ನು ದೂರದ ಹಾದಿಗೆ ಕೊಂಡೊಯ್ಯುತ್ತಿರಲಿಲ್ಲ. ಯಂತ್ರ ಸಿದ್ಧವಾಗಿತ್ತು, ಅದರಲ್ಲಿ ಲೋಕಕ್ಕೆ ನಂಬಿಕೆ ಮಾತ್ರ ಹುಟ್ಟಿರಲಿಲ್ಲ. ಹೀಗೆಯೇ ದಿನಗಳು ಕಳೆದರೆ ಕುಟುಂಬದ ಹಣ, ಶ್ರಮ, ಗೌರವ ಎಲ್ಲವೂ ಮಣ್ಣುಪಾಲಾಗುವುದೆಂಬುದು ಬರ್ತಾಳಿಗೆ ಸ್ಪಷ್ಟವಾಯಿತು.

1888ರ ಆಗಸ್ಟ್ ತಿಂಗಳು. ಶಾಲೆಗಳಿಗೆ ರಜೆ ಬಂದಿತ್ತು. ಹಿರಿಯ ಮಗ ಅಯ್ಗೆನ್‌ಗೆ ಆಗ ಹದಿನೈದು ವರ್ಷ. ಎರಡನೆಯವನಾದ ರಿಚರ್ಡನಿಗೆ ಹದಿಮೂರು. ಫೋರ್ಟ್ಸ್‌ಹೈಮ್‌ನಲ್ಲಿದ್ದ ಅಜ್ಜಿಯ ಮನೆಗೆ ಮೋಟಾರುಗಾಡಿಯಲ್ಲಿಯೇ ಹೋಗುವುದೆಂದು ತಾಯಿ ಮಕ್ಕಳು ಗುಟ್ಟಾಗಿ ನಿಶ್ಚಯಿಸಿದರು. ಒಂದು ದಿನ ನಸುಕಿನಲ್ಲಿ, ಕಾರ್ಲ್ ಇನ್ನೂ ನಿದ್ರೆಯಲ್ಲಿದ್ದಾಗ, ಅವರು ಗಾಡಿಯನ್ನು ಯಂತ್ರಶಾಲೆಯಿಂದ ಹೊರತಂದರು. ಅದು ಕಾರ್ಲ್ ಸುಧಾರಿಸಿ ನಿರ್ಮಿಸಿದ್ದ ಮೂರನೆಯ ಮಾದರಿ. ಸದ್ದು ಕೇಳಿ ಕಾರ್ಲ್ ಎಚ್ಚರಗೊಂಡಾನೆಂದು ಗಾಡಿಯನ್ನು ಸ್ವಲ್ಪ ದೂರ ತಳ್ಳಿಕೊಂಡು ಹೋಗಿ, ಹಿಂಬದಿಯಲ್ಲಿದ್ದ ಭಾರವಾದ ಚಕ್ರವನ್ನು ಕೈಯಿಂದ ತಿರುಗಿಸಿ ಎಂಜಿನನ್ನು ಚಾಲೂ ಮಾಡಿದರೆಂದು ಹೇಳುತ್ತಾರೆ. ಹೆಣ್ಣುಮಕ್ಕಳಿಬ್ಬರು ಮನೆಯಲ್ಲಿಯೇ ಉಳಿದರು.

ಅವರು ಹಿಡಿದ ಹಾದಿ ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನದು. ಅದುವರೆಗೆ ಯಾರೂ ಮೋಟಾರುಗಾಡಿಯಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಕುದುರೆಗಾಡಿಗಳ ಚಕ್ರಗಳು ಕೊರೆದ ಮಣ್ಣಿನ ರಸ್ತೆಗಳು ಅವು. ದಾರಿಯಲ್ಲಿ ಪೆಟ್ರೋಲು ಮಾರುವ ಅಂಗಡಿಯಾಗಲಿ, ಕೆಟ್ಟ ಗಾಡಿಯನ್ನು ರಿಪೇರಿ ಮಾಡುವವರಾಗಲಿ ಇರಲಿಲ್ಲ. ಗಾಡಿಯಲ್ಲಿ ಇಂಧನದ ತೊಟ್ಟಿಯೂ ಇರಲಿಲ್ಲ. ಕಾರ್ಬ್ಯುರೇಟರಿನಲ್ಲಿ ಹಿಡಿಸುತ್ತಿದ್ದ ನಾಲ್ಕೂವರೆ ಲೀಟರಿನಷ್ಟೇ ಆಧಾರ.

ಹೈಡೆಲ್‌ಬರ್ಗ್ ನಗರವನ್ನು ದಾಟಿ ವೀಸ್‌ಲೋಖ್ ಎಂಬ ಊರನ್ನು ತಲುಪುವಷ್ಟರಲ್ಲಿ ಇಂಧನ ಮುಗಿಯುತ್ತ ಬಂದಿತು. ಆ ಕಾಲದ ಗಾಡಿಗೆ ಬೇಕಾಗಿದ್ದುದು ಲಿಗ್ರೋಯಿನ್ ಎಂಬ ಹಗುರವಾದ ದ್ರವ. ಬಟ್ಟೆಯ ಕಲೆ ತೆಗೆಯುವುದಕ್ಕಾಗಿ ಅದನ್ನು ಔಷಧದ ಅಂಗಡಿಗಳಲ್ಲಿ ಮಾರುತ್ತಿದ್ದರು. ಬರ್ತಾ ಊರಿನ ಔಷಧದ ಅಂಗಡಿಗೆ ಹೋಗಿ ದೊರೆತಷ್ಟು ಲಿಗ್ರೋಯಿನನ್ನು ಕೊಂಡಳು. ಜಗತ್ತಿನ ಮೊಟ್ಟಮೊದಲ ಪೆಟ್ರೋಲು ಬಂಕ್ ಎಂಬ ಕೀರ್ತಿ ಮುಂದೆ ಆ ಅಂಗಡಿಗೆ ಸಂದಿತು.

ಎಂಜಿನನ್ನು ತಂಪಾಗಿಡಲು ಬೇಕಾದ ನೀರು ಆವಿಯಾಗಿ ಹೋಗುತ್ತಿತ್ತು. ಬಾವಿ, ಹಳ್ಳ, ಹಾದಿಬದಿಯ ಛತ್ರ, ಎಲ್ಲಿ ನೀರು ಕಂಡರೂ ಮಕ್ಕಳು ಇಳಿದು ತುಂಬಿಕೊಂಡರು. ಒಮ್ಮೆ ಇಂಧನದ ಕೊಳವೆಯಲ್ಲಿ ಕಸ ಕಟ್ಟಿಕೊಂಡು ಎಂಜಿನು ನಿಂತಿತು. ಬರ್ತಾ ತನ್ನ ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಸೂಜಿಯನ್ನು ತೆಗೆದು ಕೊಳವೆಯನ್ನು ಚುಚ್ಚಿ ಶುದ್ಧಮಾಡಿದಳು. ಮತ್ತೊಮ್ಮೆ, ಎಂಜಿನಿಗೆ ಕಿಡಿ ಒದಗಿಸುವ ವಿದ್ಯುತ್ ತಂತಿಯ ಹೊದಿಕೆ ಸವೆದುಹೋಯಿತು. ಕಾಲುಚೀಲವನ್ನು ಬಿಗಿಯುವ ಪಟ್ಟಿಯನ್ನೇ ಬಿಚ್ಚಿ ಆಕೆ ತಂತಿಗೆ ಸುತ್ತಿದಳು. ಬ್ರುಖ್‌ಸಾಲ್ ಎಂಬ ಊರಿನಲ್ಲಿ ಕಮ್ಮಾರನೊಬ್ಬನು ಗಾಡಿಯ ಸರಪಳಿಯನ್ನು ಸರಿಪಡಿಸಿಕೊಟ್ಟನು.

ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದುದು ಏರುದಾರಿ. ಸಮತಟ್ಟಾದ ನೆಲದಲ್ಲಿ ಸರಾಗವಾಗಿ ಓಡುತ್ತಿದ್ದ ಗಾಡಿ, ದಿಣ್ಣೆ ಎದುರಾದೊಡನೆ ಬಳಲಿ ನಿಂತುಬಿಡುತ್ತಿತ್ತು. ಆಗ ಹಗುರ ದೇಹದ ರಿಚರ್ಡ್ ಗಾಡಿಯಲ್ಲಿ ಕುಳಿತು ಚುಕ್ಕಾಣಿ ಹಿಡಿಯುತ್ತಿದ್ದನು. ತಾಯಿಯೂ ಅಯ್ಗೆನ್‌ನೂ ಬೆವರು ಸುರಿಸುತ್ತ ಹಿಂದಿನಿಂದ ತಳ್ಳುತ್ತಿದ್ದರು. ಇಳಿಜಾರಿನಲ್ಲಿ ಬೇರೊಂದು ಅಪಾಯ. ಒತ್ತಿ ಒತ್ತಿ ಮರದ ಬ್ರೇಕುಗಳು ಸವೆದುಹೋದವು. ಹಳ್ಳಿಯ ಮೋಚಿಯೊಬ್ಬನಿಂದ ಬರ್ತಾ ಅವುಗಳಿಗೆ ತೊಗಲಿನ ಪಟ್ಟಿ ಹೊಡೆಸಿದಳು. ಮುಂದೆ ಗಾಡಿಗಳಲ್ಲಿ ರೂಢಿಗೆ ಬಂದ ಬ್ರೇಕಿನ ಪಟ್ಟಿಗೆ ಇದೇ ಮೊದಲೆಂದು ಹೇಳುತ್ತಾರೆ.

ಕತ್ತಲಾಗುವ ಹೊತ್ತಿಗೆ ಧೂಳು, ಎಣ್ಣೆಗಳಿಂದ ಮಲಿನವಾದ ಬಟ್ಟೆಯಲ್ಲಿ ಮೂವರೂ ಫೋರ್ಟ್ಸ್‌ಹೈಮ್ ಸೇರಿದರು. ಬರ್ತಾ ಒಡನೆಯೇ ತಂತಿ ಕಳುಹಿಸಿ ಪತಿಗೆ ಸುದ್ದಿ ತಿಳಿಸಿದಳು. ತನ್ನ ಅನುಮತಿಯಿಲ್ಲದೆ ನಡೆದ ಈ ಸಾಹಸದಿಂದ ಕಾರ್ಲನಿಗೆ ಮೊದಲು ಗಾಬರಿಯಾದರೂ, ಅದರ ಮಹತ್ತ್ವವನ್ನು ಅರಿಯಲು ತಡವಾಗಲಿಲ್ಲ. ಕೆಲವು ದಿನ ತವರಿನಲ್ಲಿದ್ದು, ಬೇರೊಂದು ಹಾದಿಯಿಂದ ಅವರು ಅದೇ ಗಾಡಿಯಲ್ಲಿ ಕ್ಷೇಮವಾಗಿ ಮನೆಗೆ ಮರಳಿದರು. ಹೋಗಿ ಬಂದ ದೂರ ಒಟ್ಟು ಸುಮಾರು 194 ಕಿಲೋಮೀಟರು.

ಬರ್ತಾ ಹಿಂದಿರುಗಿ ಬಂದದ್ದು ಕೀರ್ತಿಯೊಡನೆ ಮಾತ್ರವಲ್ಲ. ಗಾಡಿಯ ಕುಂದುಕೊರತೆಗಳ ತಿಳಿವಳಿಕೆಯೊಡನೆ. ಏರು ಹತ್ತಲು ಇನ್ನೊಂದು ಗೇರು ಬೇಕೆಂಬುದೂ ಬ್ರೇಕು ಬಲವಾಗಬೇಕೆಂಬುದೂ ಆ ಹಾದಿಯು ಕಲಿಸಿದ ಪಾಠಗಳಾಗಿದ್ದವು. ಯಂತ್ರಶಾಲೆಯಲ್ಲಿ ಎಷ್ಟು ದಿನ ಕುಳಿತರೂ ತಿಳಿಯಲಾರದ ಸಂಗತಿಗಳವು. ಕಾರ್ಲ್ ಅವುಗಳನ್ನು ಗಮನಕ್ಕೆ ತೆಗೆದುಕೊಂಡು ಗಾಡಿಯನ್ನು ತಿದ್ದಿದನು. ಅದೇ ವರ್ಷ ಮ್ಯೂನಿಕ್ ನಗರದ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಸ್ವರ್ಣಪದಕ ದೊರೆಯಿತು. ಕೊಳ್ಳುವವರು ಕ್ರಮೇಣ ಮುಂದೆ ಬಂದರು. 1899ರ ಒಂದೇ ವರ್ಷದಲ್ಲಿ ಬೆಂಜ್ ಕಂಪನಿ 572 ಗಾಡಿಗಳನ್ನು ನಿರ್ಮಿಸಿ ಜಗತ್ತಿನ ಅತಿ ದೊಡ್ಡ ಮೋಟಾರು ಕಾರ್ಖಾನೆಯೆನಿಸಿತು.

ಮುಂದೆ ಬೆಂಜ್ ಕುಟುಂಬವು ಲಾಡೆನ್‌ಬುರ್ಗ್ ಎಂಬ ಊರಿನಲ್ಲಿ ನೆಲೆಸಿತು. 1906ರಲ್ಲಿ ಅಲ್ಲಿ ಕಾರ್ಲ್ ತನ್ನ ಮಕ್ಕಳಿಗಾಗಿ ಮತ್ತೊಂದು ಉದ್ಯಮವನ್ನು ಆರಂಭಿಸಿದನು. 1925ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಆತ ಪತ್ನಿಯ ಉಪಕಾರವನ್ನು ತುಂಬು ಹೃದಯದಿಂದ ನೆನೆದಿದ್ದಾನೆ. ಬಾಳಿನ ದೋಣಿ ಮುಳುಗುವಂತಿದ್ದ ದಿನಗಳಲ್ಲಿ ತನ್ನ ಕೈಬಿಡದೆ ನಿಂತವಳು ಆಕೆಯೊಬ್ಬಳೇ ಎಂದು ಒಪ್ಪಿಕೊಂಡಿದ್ದಾನೆ. 1929ರಲ್ಲಿ ಕಾರ್ಲ್ ನಿಧನನಾದನು. ಬರ್ತಾ ಆ ಬಳಿಕ ಹದಿನೈದು ವರ್ಷ ಬದುಕಿದಳು.

1944ರ ಮೇ 3ರಂದು ಆಕೆಗೆ ತೊಂಬತ್ತೈದು ವರ್ಷ ತುಂಬಿತು. ಆ ದಿನ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾನಿಲಯವು ಆಕೆಗೆ ಗೌರವ ಸೆನೆಟ್ ಸದಸ್ಯತ್ವವನ್ನು ನೀಡಿ ಸನ್ಮಾನಿಸಿತು. ಕಾರ್ಲ್ ಓದಿದ್ದ ವಿದ್ಯಾಲಯವೇ ಅದು. ಬರ್ತಾಳ ಯೌವನದಲ್ಲಿ ಹೆಣ್ಣೆಂಬ ಕಾರಣಕ್ಕೆ ಆಕೆಗೆ ಅಲ್ಲಿ ಪ್ರವೇಶವಿರಲಿಲ್ಲ. ಸನ್ಮಾನ ನಡೆದ ಎರಡು ದಿನಗಳಲ್ಲಿ, ಮೇ 5ರಂದು, ಬರ್ತಾ ಲಾಡೆನ್‌ಬುರ್ಗ್‌ನಲ್ಲಿ ಕೊನೆಯುಸಿರೆಳೆದಳು.

ಪೇಟೆಂಟಿನ ಪತ್ರದಲ್ಲಿ ಬರ್ತಾಳ ಹೆಸರಿಲ್ಲ. ಆದರೆ ಆಕೆ ಹಾದುಹೋದ ದಾರಿಗೆ ಇಂದು ಆಕೆಯ ಹೆಸರಿದೆ. ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೋಗಿ ಬರುವ ಆ ಹಾದಿಯನ್ನು 2008ರಲ್ಲಿ ಬರ್ತಾ ಬೆಂಜ್ ಸ್ಮಾರಕ ಮಾರ್ಗವೆಂದು ಗುರುತಿಸಲಾಯಿತು. ಹೊಸದೊಂದನ್ನು ಕಂಡುಹಿಡಿಯಲು ಪ್ರತಿಭೆ ಬೇಕು. ಅದು ಲೋಕಕ್ಕೆ ಉಪಯುಕ್ತವೆಂದು ತೋರಿಸಿಕೊಡಲು ನಂಬಿಕೆಯೂ ಎದೆಗಾರಿಕೆಯೂ ಬೇಕು. ಕಾರ್ಲ್ ಬೆಂಜನ ಪ್ರತಿಭೆಗೆ ಬರ್ತಾಳ ಎದೆಗಾರಿಕೆ ಜೊತೆಗೂಡಿದುದರಿಂದಲೇ ಅಂಗಳದಲ್ಲಿ ನಿಂತಿದ್ದ ಗಾಡಿ ಹೆದ್ದಾರಿಯನ್ನು ಸೇರಿತು.